ಷಟರ್ ಮುಚ್ಚಳದ ಒಳಮೈ

ಬೆಳಿಗ್ಗೆ ಎಂಟು ಗಂಟೆಗೆ ಗ್ರೀಸಣ್ಣ ಏಣಿ ಹೊತ್ತು ಬೀದಿಯ ಬಾಯಿಗೆ ಬಂದರೆ ಮೊದಲು ಮಾಡುವ ಕೆಲಸ, ಸುಮ್ಮನೆ ನಿಂತು ಕಿವಿಗೊಡುವುದು. ಆ ಹೊತ್ತಿಗೆ ಅಂಗಡಿಗಳು ಒಂದೊಂದಾಗಿ ತೆರೆಯುತ್ತವೆ. ಆ ಬುಧವಾರ ಬೇಕರಿಯ ಷಟರ್ ಒಂದೇ ಉಸಿರಿಗೆ ಮೇಲೇರಿತು. ಔಷಧಿ ಅಂಗಡಿಯದು ಅರ್ಧಕ್ಕೆ ಬಂದು ಕೆಮ್ಮಿತು.

"ಎಡಗಡೆ ಒಣಗಿದೆ, ಶನಿವಾರ ಬರ್ತೀನಿ," ಎಂದು ರಸ್ತೆಯಿಂದಲೇ ಕೂಗಿದರು.

"ಷಟರ್‌ಗೆ ಮದ್ದು ಹಾಕೋಕೆ ಮೂರು ದಿನ ಬೇಕಾ ಅಣ್ಣಾ? ನಾವಾದ್ರೆ ನಿಂತಲ್ಲೇ ಕೊಡ್ತೀವಿ," ಎಂದರು ಔಷಧಿ ಅಂಗಡಿಯವರು.

"ನಿಮ್ಮ ಮದ್ದು ತಗೊಂಡೋರು ವಾಪಸ್ ಬರ್ತಾರಲ್ಲ, ನಂದು ಹಾಗಲ್ಲ."

ಗ್ರೀಸಣ್ಣನಿಗೆ ಅರವತ್ತಾರು. ಈ ಬೀದಿಯ ಷಟರ್‌ಗಳನ್ನು ನಲವತ್ತೊಂದು ವರ್ಷದಿಂದ ನೋಡಿಕೊಳ್ಳುತ್ತಿದ್ದಾರೆ. ಅದಕ್ಕೂ ಮುಂಚೆ ಅವರ ಮಾವ, ಅಂದರೆ ಹೆಂಡತಿಯ ತಂದೆ, ನೋಡಿಕೊಳ್ಳುತ್ತಿದ್ದರು. ಊರು ಮುಗಿದು ಬಡಾವಣೆ ಶುರುವಾಗುವ ಕಡೆ, ಬಸ್ಸಿನ ಕೊನೆಯ ನಿಲ್ದಾಣದ ಎದುರು, ಒಂದೇ ಅಳತೆಯ ಒಂಬತ್ತು ಮಳಿಗೆಗಳ ಉದ್ದನೆಯ ಕಟ್ಟಡವಿದೆ. ಬೀದಿಯಲ್ಲಿ ಮೊದಲು ಎದ್ದಿದ್ದು ಅದೇ. ಮಿಕ್ಕ ಅಂಗಡಿಗಳು ಅದನ್ನು ನೋಡಿ ಬಂದವು.

ಷಟರ್ ಅಂದರೆ ನೋಡುವವರಿಗೆ ತಗಡಿನ ಬಾಗಿಲು, ಅಷ್ಟೇ. ಅದರ ಜೀವ ಇರುವುದು ಬಾಗಿಲ ಮೇಲಿನ ಪೆಟ್ಟಿಗೆಯೊಳಗೆ. ಅಲ್ಲೊಂದು ಕಬ್ಬಿಣದ ದಂಡ, ದಂಡದ ಮೈಗೆ ಸ್ಪ್ರಿಂಗು. ಆ ಸ್ಪ್ರಿಂಗನ್ನು ಎಷ್ಟು ಸುತ್ತು ಬಿಗಿದಿದ್ದಾರೆ ಎನ್ನುವುದರ ಮೇಲೆ ಬಾಗಿಲಿನ ಭಾರವೆಲ್ಲ ನಿಂತಿರುತ್ತದೆ. ಸುತ್ತು ಹೆಚ್ಚಾದರೆ ಬಾಗಿಲು ಕೈತಪ್ಪಿ ಮೇಲಕ್ಕೆ ಹಾರುತ್ತದೆ; ಕಡಿಮೆಯಾದರೆ ಎತ್ತಲು ಇಬ್ಬರು ಬೇಕು. ಹಾಗಾಗಿ ಮಾವ ಒಂದು ಪದ್ಧತಿ ಇಟ್ಟಿದ್ದರು. ಪೆಟ್ಟಿಗೆ ಮುಚ್ಚುವ ಮುನ್ನ ತಗಡಿನ ಮುಚ್ಚಳದ ಒಳಮೈಗೆ ಸಣ್ಣ ಕುಂಚದಲ್ಲಿ ಮೂರು ವಿಷಯ ಬರೆಯಬೇಕು: ತಾರೀಕು, ಸುತ್ತು ಎಷ್ಟು, ಅಂಗಡಿಯಲ್ಲಿ ಈಗ ಯಾರಿದ್ದಾರೆ.

"ಮುಂದಿನ ಸಲ ಬಿಚ್ಚೋನು ನೀನೇ ಆಗಿರ್ತೀಯ ಅಂತ ಏನು ಗ್ಯಾರಂಟಿ?" ಎನ್ನುತ್ತಿದ್ದರು ಮಾವ. "ಬರಿಯೋಕೆ ಸೋಮಾರಿತನ ಮಾಡೋನಿಗೆ ಕೈಬೆರಳು ಉಳಿಯಲ್ಲ."

ಗ್ರೀಸಣ್ಣ ಬರೆದರು. ಬೆರಳು ಹತ್ತೂ ಉಳಿದವು.

ಈಗ ಆ ಒಂಬತ್ತು ಮಳಿಗೆಗಳನ್ನು ಕೆಡವಿ ನಾಲ್ಕು ಮಹಡಿ ಏಳಿಸುವುದೆಂದು ನಿಶ್ಚಯವಾಗಿತ್ತು. ಹಳೆಯ ಮಾಲೀಕರು ತೀರಿಕೊಂಡ ಮೇಲೆ ವ್ಯವಹಾರ ಅವರ ಮಗಳ ಕೈಗೆ ಬಂದಿತ್ತು. ಮಳಿಗೆ ಹಿಡಿದು ಮೂವತ್ತು ವರ್ಷ ದಾಟಿದ ಅಂಗಡಿಯವರಿಗೆ ಹೊಸ ಕಟ್ಟಡದಲ್ಲೂ ನೆಲಮಹಡಿಯೇ, ಮಿಕ್ಕವರಿಗೆ ಮೇಲೆ, ಎಂದು ಆಕೆ ಎಲ್ಲರಿಗೂ ಬರೆದುಕೊಟ್ಟಿದ್ದರು. ಜೊತೆಗೆ ಒಂದು ಷರತ್ತು, ಎಷ್ಟು ವರ್ಷ ಎಂಬುದಕ್ಕೆ ಆಧಾರ ತೋರಿಸಬೇಕು.

ನಾಲ್ಕನೇ ಮಳಿಗೆಯ ಟೈಲರ್ ಅಕ್ಕನ ಬಳಿ ಆಧಾರ ಇರಲಿಲ್ಲ. ಅಂಗಡಿ ಹಿಡಿದಾಗ ಮಾಡಿಕೊಂಡ ಕರಾರು ಪತ್ರ ಪೈಪು ಒಡೆದ ವರ್ಷ ಬೀರುವಿನಲ್ಲೇ ನೆನೆದು ಮುದ್ದೆಯಾಗಿತ್ತು. ಮೂವತ್ತಮೂರು ವರ್ಷ ಪೆಡಲು ತುಳಿದ ಮಂಡಿಗಳು ಅವರವು. ಗಿರಾಕಿಗಳೂ ಅವರ ವಾರಗೆಯವರೇ. ಹಳೆಯ ರವಿಕೆ ಸಡಿಲಿಸಲು, ಪ್ಯಾಂಟಿನ ಸೊಂಟ ಬಿಡಿಸಲು ಬರುವವರು.

"ಮೂರನೇ ಮಹಡಿಗೆ ಹತ್ತಿ ಬರೋ ಅಷ್ಟು ಕಸುವಿದ್ರೆ ಅವರ ಸೊಂಟ ಯಾಕೆ ದಪ್ಪ ಆಗ್ತಿತ್ತು?" ಎಂದು ಅಕ್ಕ ನಕ್ಕಿದ್ದರು. ನಕ್ಕು ಮುಗಿಸಿ, "ಮೇಲೆ ಕಳಿಸಿದ್ರೆ ಮೆಷಿನ್ ಮುಚ್ಚಿಬಿಡ್ತೀನಿ ಅಣ್ಣಾ," ಎಂದಿದ್ದರು.

"ಕಾಗದ ಹೋದ್ರೆ ಹೋಗ್ಲಿ. ನಿಮ್ಮ ತಲೆ ಮೇಲೇ ಬರೆದಿದೆಯಲ್ಲ."

"ಹಣೆಬರಹಾನಾ?"

"ಅದಕ್ಕಿಂತ ಮೇಲೆ. ಷಟರ್ ಪೆಟ್ಟಿಗೇಲಿ. ನಾನೇ ಬರೆದಿದ್ದು."

ಮಾಲೀಕರ ಮಗಳು ಬಂದು ನೋಡಲು ಒಪ್ಪಿದ್ದರು. ಅದಕ್ಕೇ ಬುಧವಾರದ ಈ ಏಣಿ.

ಒಂಬತ್ತೂವರೆಗೆ ಆಕೆ ಬಂದರು. ಗ್ರೀಸಣ್ಣ ನಾಲ್ಕು ಬೋಲ್ಟು ಬಿಚ್ಚಿ ಮುಚ್ಚಳವನ್ನು ಕೆಳಗಿಳಿಸಿ, ಕತ್ತರಿಸುವ ಮೇಜಿನ ಮೇಲೆ ಅಂಗಾತ ಮಲಗಿಸಿ, ಸೀಮೆಎಣ್ಣೆ ಬಟ್ಟೆಯಲ್ಲಿ ಒರೆಸಿದರು. ಜೇಡರ ಬಲೆ ಹೋಗಿ ಅಕ್ಷರ ಎದ್ದವು. ಕೆಳಗಿನಿಂದ ಮೇಲಕ್ಕೆ ಬೆರಳಿಟ್ಟು ಮಾಲೀಕರ ಮಗಳೇ ಓದಿದರು. ಹೊಲಿಗೆ. ಹೊಲಿಗೆ. ಹೊಲಿಗೆ. ಹತ್ತೊಂಬತ್ತು ವರ್ಷದ ಹಿಂದಿನ ಸಾಲಿಗೆ ಬಂದು ಬೆರಳು ನಿಂತಿತು. ಅದರ ಮೇಲಿನ ಸಾಲು, ಕ್ಯಾಸೆಟ್ ಅಂಗಡಿ. ಅದಕ್ಕೂ ಮೇಲೆ, ರೇಡಿಯೋ ರಿಪೇರಿ.

"ಹಾಗಾದ್ರೆ ನೀವು ಬಂದಿದ್ದು ಹತ್ತೊಂಬತ್ತು ವರ್ಷದ ಹಿಂದೆ," ಎಂದರು ಆಕೆ. ದನಿಯಲ್ಲಿ ಗೆದ್ದ ಭಾವವೇನೂ ಇರಲಿಲ್ಲ. "ಇದು ನಿಮ್ಮದೇ ಅಕ್ಷರ ತಾನೇ?"

"ನಂದೇ," ಎಂದರು ಗ್ರೀಸಣ್ಣ.

"ನಾನು ಬಂದಾಗ ಇಲ್ಲಿ ಕ್ಯಾಸೆಟ್ ಎಲ್ಲಿತ್ತು?" ಅಕ್ಕ ಎದ್ದು ನಿಂತಿದ್ದರು. "ಸೈಕಲ್ ಶಾಪ್ ಇತ್ತು! ನೆಲದ ಎಣ್ಣೆ ಕಲೆ ತಿಕ್ಕಿ ತಿಕ್ಕಿ ಎಂಟು ದಿನ ನನ್ನ ಕೈ ಸಿಪ್ಪೆ ಎದ್ದಿತ್ತು. ಅಣ್ಣಾ, ಏನು ಬರೆದಿಟ್ಟಿದ್ದೀರಿ ನೀವು?"

ಗ್ರೀಸಣ್ಣ ಮುಚ್ಚಳದ ಮೇಲೆ ಬಗ್ಗಿದರು. ಉಳಿಸಲು ಬಂದವರು ತಾವು; ಕುತ್ತಿಗೆ ಕೊಯ್ದದ್ದು ತಮ್ಮದೇ ಅಕ್ಷರ. ಕನ್ನಡಕ ಏರಿಸಿಕೊಂಡು ಹತ್ತೊಂಬತ್ತು ವರ್ಷದ ಹಿಂದಿನ ಸಾಲನ್ನು ಪೂರ್ತಿ ಓದಿದರು. 'ಹೊಲಿಗೆ. ಎಂಟು ಸುತ್ತು ಅಂತ ಬರೆದಿತ್ತು. ಬಾಗಿಲು ಹಾರಿತು. ಆರಕ್ಕೆ ಇಳಿಸಿದೆ.'

ಎಂಟು ಸುತ್ತು ದಪ್ಪ ತಗಡಿನ ಬಾಗಿಲಿಗೆ. ಅಕ್ಕನ ಬಾಗಿಲು ತೆಳು ತಗಡಿನದು. ಎಂಟು ಎಂದೂ ಇದ್ದಿರಲಾರದು. ಈ ಒಂಬತ್ತರಲ್ಲಿ ದಪ್ಪ ಬಾಗಿಲು ಇದ್ದದ್ದು ಒಂದೇ ಮಳಿಗೆಗೆ. ಕಳ್ಳರ ಭಯಕ್ಕೆ ರೇಡಿಯೋದವರು ಹಾಕಿಸಿದ್ದು, ಪಕ್ಕದ ಐದನೆಯದಕ್ಕೆ.

"ಮೇಡಂ, ಇಪ್ಪತ್ತು ವರ್ಷದ ಹಿಂದೆ ನಿಮ್ಮ ಅಪ್ಪಾಜಿ ಒಂಬತ್ತೂ ಮುಚ್ಚಳಕ್ಕೆ ಹಸಿರು ಬಣ್ಣ ಹೊಡೆಸಿದ್ರು," ಎಂದರು ನಿಧಾನವಾಗಿ. "ಎಲ್ಲಾ ಬಿಚ್ಚಿ ಹಿತ್ತಲ ಗೋಡೆಗೆ ಒರಗಿಸಿದ್ದೆ. ಎಲ್ಲಾ ಒಂದೇ ಅಳತೆ. ತಿರುಗಿ ಹಾಕುವಾಗ ಪಕ್ಕದ್ದನ್ನ ಇಲ್ಲಿಗೂ, ಇಲ್ಲಿದ್ದನ್ನ ಪಕ್ಕಕ್ಕೂ ಏರಿಸಿಬಿಟ್ಟಿದ್ದೀನಿ. ಆಮೇಲೆ ಯಾವಾಗ ಬಿಚ್ಚಿದ್ರೂ ಕೊನೇ ಸಾಲು ನೋಡಿದೆ, ಸುತ್ತು ನೋಡಿದೆ, ಮುಚ್ಚಿದೆ. ಮೇಲೆ ಓದಲೇ ಇಲ್ಲ."

"ಅಂದ್ರೆ ನನ್ನ ಜಾತಕ ಪಕ್ಕದ ಮನೇಲಿ!" ಎಂದರು ಅಕ್ಕ.

ಪಕ್ಕದಲ್ಲಿ ಈಗ ಫೋನ್ ಅಂಗಡಿ. ಅಂಗಡಿಯವನು ಗಿರಾಕಿಯ ಫೋನಿಗೆ ಗಾಜು ಅಂಟಿಸುತ್ತಿದ್ದ. ಏಣಿ ಒಳಗೆ ಬಂದದ್ದು ಕಂಡು ಎದೆಯೊಡೆದುಕೊಂಡ.

"ಗ್ರೀಸಣ್ಣಾ, ನನ್ನ ಷಟರ್ ಚೆನ್ನಾಗಿದೆ! ದಮ್ಮಯ್ಯ, ಧೂಳು ಬೀಳಿಸಬೇಡಿ, ಒಳಗೆ ಗುಳ್ಳೆ ಬರುತ್ತೆ."

"ಅಕ್ಕನ ಅಂಗಡಿ ನಿನ್ನ ಪೆಟ್ಟಿಗೇಲಿದೆ ಕಣೋ. ಹತ್ತು ನಿಮಿಷ."

"ಅಕ್ಕಂದಾ? ನನ್ನ ಪ್ಯಾಂಟ್ ತಿಂಗಳಿಂದ ಅವರ ಹತ್ರ ಇದೆ. ಸಿಕ್ಕಿದ್ರೆ ಅದನ್ನೂ ಇಳಿಸಿ," ಎಂದವನೇ ಗಾಜುಗಳನ್ನು ಬಟ್ಟೆಯಿಂದ ಮುಚ್ಚಿ ಏಣಿ ಹಿಡಿದುಕೊಂಡ.

ಮುಚ್ಚಳ ಇಳಿಯಿತು. ಮೇಜು ಸಾಲದೆ ಅದನ್ನು ಅಂಗಡಿ ಮುಂದಿನ ಕಟ್ಟೆಯ ಮೇಲೆ ಬಿಸಿಲಿಗೆ ಹಾಸಿದರು. ಗ್ರೀಸಣ್ಣ ಒರೆಸುತ್ತ ಹೋದ ಹಾಗೆ ಕೆಳಗಿನಿಂದ ಸಾಲುಗಳು ಬೆಳಕಿಗೆ ಬಂದವು. ಫೋನ್. ಸಿಡಿ. ಕ್ಯಾಸೆಟ್. ಅಲ್ಲಿಂದ ಮೇಲೆ ಹೊಲಿಗೆ, ಹೊಲಿಗೆ ಎಂದು ಐದು ಸಾಲು. ಐದನೆಯದರಲ್ಲಿ ಮೂವತ್ತಮೂರು ವರ್ಷದ ಹಿಂದಿನ ತಾರೀಕು, ಮುಂದೆ ಹೀಗೆ: 'ಸೈಕಲ್ ಹೋಯಿತು. ಹೊಲಿಗೆ. ಹೊಸಬರು, ಹೆಣ್ಣುಮಗಳು, ಒಂದೇ ಮೆಷಿನ್. ಆರು ಸುತ್ತು.' ಅಂಚಿನಿಂದ ಇಳಿದ ಹಸಿರು ಬಣ್ಣದ ಹನಿಯೊಂದು 'ಹೆಣ್ಣುಮಗಳು' ಎಂಬ ಪದದ ಮೇಲೆ ಹರಿದು ಒಣಗಿತ್ತು. ಬಣ್ಣ ಹೊಡೆಯುವ ಮೊದಲೇ ಬರೆದದ್ದು ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಮಾಲೀಕರ ಮಗಳು ಫೋಟೋ ತೆಗೆದುಕೊಂಡರು. ಅಲ್ಲಿಗೆ ಕೆಲಸ ಮುಗಿದಿತ್ತು. ಆದರೆ ಗ್ರೀಸಣ್ಣನ ಕೈ ಒರೆಸುವುದನ್ನು ನಿಲ್ಲಿಸಲಿಲ್ಲ.

ಮೇಲೆ ಅವರದೇ ಇನ್ನೆರಡು ಸಾಲು, ಸೈಕಲ್. ಅಲ್ಲಿಂದಾಚೆ ಮಾವನ ಅಕ್ಷರ, ದುಂಡಗೆ. 'ಸೈಕಲ್ ಬಾಡಿಗೆ. ಹನ್ನೆರಡು ಸೈಕಲ್.' 'ಸೈಕಲ್ ಬಾಡಿಗೆ. ಈಗ ಬಸ್ಸು ಇಲ್ಲಿವರೆಗೆ ಬರುತ್ತದೆ.' ಅದಕ್ಕೂ ಮೇಲೆ, 'ಸೈಕಲ್ ಬಾಡಿಗೆ. ಮೂರು ಸೈಕಲ್. ಬೀದಿಗೆ ದೀಪ ಬಂತು.' ತುತ್ತತುದಿಯಲ್ಲಿ ಒಂದು ಸಾಲು ಮಾವನದೂ ಅಲ್ಲ. ಕಡ್ಡಿಯಂಥ ಓರೆ ಅಕ್ಷರ. ಷಟರ್ ಕೂರಿಸಿದವನದು ಇರಬೇಕು. ಅವನು ಯಾರೆಂದು ಬಲ್ಲವರು ಈಗ ಯಾರೂ ಇಲ್ಲ. 'ಹೊಸ ಷಟರ್. ಆರು ಸುತ್ತು. ಒಳಗೆ ಇನ್ನೂ ಯಾರೂ ಇಲ್ಲ. ಎದುರಿಗೆ ಜೋಳದ ಹೊಲ.'

ಗ್ರೀಸಣ್ಣ ತಲೆಯೆತ್ತಿ ಎದುರು ನೋಡಿದರು. ಬಸ್ ನಿಲ್ದಾಣ, ಬ್ಯಾಂಕು, ಮೂರು ಮಹಡಿಯ ಆಸ್ಪತ್ರೆ. ಹಗಲೆಲ್ಲ ನೋಡುವ ನೋಟವೇ. ಈಗ ಅದರ ಅಡಿಯಲ್ಲಿ ಹೊಲವೊಂದು ಮಲಗಿರುವಂತೆ ಕಂಡಿತು. ಇಂಥ ಮುಚ್ಚಳಗಳ ಕೆಳಗೆ ಗೂನು ಬೆನ್ನು ಮಾಡಿಕೊಂಡು ನಲವತ್ತೊಂದು ವರ್ಷ ಕಳೆದಿದ್ದರು. ಸುತ್ತಿನ ಲೆಕ್ಕ ಬಿಟ್ಟು ಬೇರೇನನ್ನೂ ಓದಿರಲಿಲ್ಲ. ಸುತ್ತ ಜನ ನೆರೆದಿದ್ದರು. ಬೇಕರಿಯವರು ಚಪ್ಪಲಿ ಕಟ್ಟೆಯ ಕೆಳಗೆ ಬಿಟ್ಟು ಬಂದು ಬಗ್ಗಿ ನೋಡಿದರು.

ಫೋನ್ ಅಂಗಡಿಯವನು ಕತ್ತು ಚಾಚಿ ಎದುರು ನೋಡಿದ. "ಜೋಳದ ಹೊಲ ಇತ್ತಾ? ನಾನಿಲ್ಲಿ ಸಿಗ್ನಲ್ ಇಲ್ಲ ಅಂತ ಬೈಕೊಳ್ತೀನಿ."

"ನಮ್ಮದರಲ್ಲಿ ಏನಿದೆ, ಅದನ್ನೂ ಬಿಚ್ಚಿ," ಎಂದರು ಬೇಕರಿಯವರು. ಔಷಧಿ ಅಂಗಡಿಯವರು, "ಶನಿವಾರ ಅಂದ್ರಲ್ಲ, ಇವತ್ತೇ ಆಗಲಿ," ಎಂದರು.

ಮಾಲೀಕರ ಮಗಳು ಚೀಲದಿಂದ ಮಳಿಗೆಗಳ ಪಟ್ಟಿ ತೆಗೆದು, ಅಕ್ಕನ ಹೆಸರಿನ ಮುಂದಿದ್ದ 'ಮೂರನೇ ಮಹಡಿ'ಯನ್ನು ಹೊಡೆದುಹಾಕಿ, 'ನೆಲಮಹಡಿ, ನಾಲ್ಕು' ಎಂದು ಬರೆದು ರುಜು ಹಾಕಿದರು. ಬಳಿಕ ಗ್ರೀಸಣ್ಣನ ಕಡೆ ತಿರುಗಿ, "ಕೆಡವುವ ಮುಂಚೆ ಒಂಬತ್ತನ್ನೂ ನೀವೇ ಇಳಿಸಿಕೊಡಬೇಕು. ಗುಜರಿಗೆ ಹಾಕೋದು ಬೇಡ," ಎಂದರು.

ಕೆಡವುವ ಕೆಲಸ ಮುಂದಿನ ತಿಂಗಳ ಐದರಂದು ಶುರು. ಹೊಸ ಕಟ್ಟಡ ಏಳುವವರೆಗೆ ಟೈಲರ್ ಅಕ್ಕನ ಮೆಷಿನ್ ಬಸ್ ನಿಲ್ದಾಣದ ಹಿಂದಿನ ಬಾಡಿಗೆ ಕೋಣೆಯಲ್ಲಿರುತ್ತದೆ. ಸೋಮವಾರ ಅದನ್ನು ಗ್ರೀಸಣ್ಣ ಮತ್ತು ಫೋನ್ ಅಂಗಡಿಯವನು ಸೇರಿ ಸಾಗಿಸುತ್ತಾರೆ.