ಸಾಹೇಬರ ಮೇಲೆ ಗೇಟಿನವನು

ಆಗ ನಾನು ಕಾಲುವೆ ಇಲಾಖೆಯಲ್ಲಿ ಗುಮಾಸ್ತೆ. ನನ್ನನ್ನು ಹಾಕಿದ್ದು ವಡಗೇರಾ ಕಡೆಯ ಒಂದು ಸಣ್ಣ ಆಫೀಸಿಗೆ, ಅಂದರೆ ಕಾಲುವೆಯ ತೀರಾ ಕೊನೆಗೆ. ನಾರಾಯಣಪುರದ ಡ್ಯಾಮಿನಿಂದ ಹೊರಟ ನೀರು ಸುರಪುರದ ಸೀಮೆ ದಾಟಿ, ಶಹಾಪುರ ದಾಟಿ, ದಾರಿಯಲ್ಲಿದ್ದವರೆಲ್ಲ ಕುಡಿದು ಉಳಿಸಿದರೆ ನಮ್ಮ ಕಡೆ ಬರುತ್ತಿತ್ತು. ಬೈಗುಳ ಮಾತ್ರ ಎಲ್ಲೂ ನಿಲ್ಲದೆ ನೇರವಾಗಿ ನಮ್ಮ ಆಫೀಸಿಗೇ ಬರುತ್ತಿತ್ತು.

"ನೀರ ಯಾವಾಗ ಬಿಡ್ತೀರಿ?" ಬೆಳಿಗ್ಗೆ ಬೀಗ ತೆಗೆಯುವುದರೊಳಗೆ ಈ ಪ್ರಶ್ನೆ ಬಾಗಿಲಲ್ಲಿ ನಿಂತಿರುತ್ತಿತ್ತು. ಉತ್ತರ ನನಗೂ ಗೊತ್ತಿರುತ್ತಿರಲಿಲ್ಲ. ಮೇಲೆ ಗೇಟು ಎತ್ತಿದರೆ ನಮ್ಮಲ್ಲಿಗೆ ನೀರು ಮುಟ್ಟಲು ಒಂದು ಹಗಲು, ಒಂದು ರಾತ್ರಿ ಬೇಕು. ಎತ್ತಿದ ಸುದ್ದಿಯನ್ನು ಗೇಟಿನವನು ಶಹಾಪುರದ ದೊಡ್ಡ ಆಫೀಸಿಗೆ ತಿಳಿಸುತ್ತಿದ್ದ. ಅಲ್ಲಿಂದ ಯಾರಿಗಾದರೂ ನೆನಪಾದರೆ ನಮಗೆ ಫೋನು ಬರುತ್ತಿತ್ತು. ನೆನಪಾಗದಿದ್ದರೆ ನೀರೇ ಬಂದು ಹೇಳಬೇಕು.

ಹಾಗೆ ಬಂದು ಕೇಳುವವರಲ್ಲಿ ಒಬ್ಬ ಹೆಂಗಸು. ವಯಸ್ಸಿನಲ್ಲಿ ನನಗಿಂತ ದೊಡ್ಡವಳು. ಗಂಡ ಲಾರಿಯ ಮೇಲೆ ಊರೂರು ತಿರುಗುತ್ತಿದ್ದ. ಹೊಲವೆಲ್ಲ ಇವಳ ಕೈಯಲ್ಲಿ. ಆ ವರ್ಷ ಮೆಣಸಿನ ಅಗಿ ಹಾಕಿದ್ದಳು. ಸಸಿ ಮಡಿಯಲ್ಲಿ ತಯಾರಾಗಿ ನಿಂತಿತ್ತು, ಹೊಲ ನೆನೆಯದೆ ನಾಟಿ ಮಾಡುವಂತಿಲ್ಲ. ನೀರು ಬಂದರೂ ಅವಳ ಹೊಲದ ಪಾಳಿ ಬಹಳವೆಂದರೆ ಅರ್ಧ ದಿನ. ಆ ಹೊತ್ತಿಗೆ ತೂಬಿನ ಹತ್ತಿರ ನಿಂತಿರಲೇಬೇಕು, ಇಲ್ಲದಿದ್ದರೆ ಮೇಲಿನ ಹೊಲದವರು ನೀರನ್ನು ಸುಮ್ಮನೆ ಕೆಳಗೆ ಬಿಡುವ ಪೈಕಿ ಅಲ್ಲ. ಈ ಪಾಳಿ ತಪ್ಪಿದರೆ ಮುಂದಿನದರ ಹೊತ್ತಿಗೆ ಅಗಿ ಬಲಿತು ಕೆಲಸಕ್ಕೆ ಬರುವುದಿಲ್ಲ.

"ಒಂದಿನಾ ಮೊದಲ ಹೇಳ್ರಿ ಅಕ್ಕಾರ, ಸಾಕು. ಆಳ ಕರಕೊಂಡು ತೂಬಿನ ಮುಂದ ಕುಂತುಬಿಡ್ತೀನಿ" ಎನ್ನುತ್ತಿದ್ದಳು. ಅವಳು ಕೇಳಿದ್ದು ಇಷ್ಟೇ.

ಅದಕ್ಕೇ ಆಫೀಸಿನೊಳಗಿನ ಒಂದು ವೆಬ್‌ಸೈಟು ಮಾಡುತ್ತಾರೆ ಎಂದಾಗ ನಾನು ಕುಣಿದಿದ್ದೆ. ಹೊರಗಿನವರಿಗೆ ಕಾಣದ, ನಮ್ಮ ಆಫೀಸುಗಳಷ್ಟೇ ನೋಡುವ ಸೈಟು. ಅದನ್ನು ಕಟ್ಟಲು ಯಾವ ಸಾಫ್ಟ್‌ವೇರ್ ತೆಗೆದುಕೊಳ್ಳಬೇಕು ಎಂದು ನಿರ್ಧರಿಸಲು ಒಂದು ಸಮಿತಿ ಆಯಿತು. ಕಂಪ್ಯೂಟರ್ ಕೋರ್ಸ್ ಮಾಡಿದವಳು ಎಂದು ನನ್ನನ್ನೂ ಸೇರಿಸಿದರು. ಗೇಟು ಎತ್ತಿದವನು ಅಲ್ಲೇ ಬರೆದರೆ ನಾನು ಇಲ್ಲೇ ಓದುತ್ತೇನೆ, ಇದರಲ್ಲಿ ಕಷ್ಟವೇನಿದೆ ಎಂದುಕೊಂಡಿದ್ದೆ. ನನ್ನ ಬುದ್ಧಿಗೆ ಇಷ್ಟು ಬೆಂಕಿ ಬೀಳಲಿ.

ಮೂರು ಸಾಫ್ಟ್‌ವೇರ್ ನೋಡಿದೆವು. ಹೈದರಾಬಾದಿನದರಲ್ಲಿ ಕನ್ನಡ ಬರೆದರೆ ಬರೀ ಚೌಕಗಳು ಬರುತ್ತಿದ್ದವು, ಅದನ್ನು ಅಲ್ಲೇ ಬಿಟ್ಟೆವು. ಎರಡನೆಯದು ಬಿಟ್ಟಿ ಸಿಗುವಂಥದ್ದು, ನಾನೇ ಹುಡುಕಿ ತಂದದ್ದು. ನೋಡಲು ಸಪ್ಪೆ. ಆದರೆ ಯಾರು ಬರೆದರೂ ಬರೆದ ಗಳಿಗೆಯಲ್ಲೇ ಎಲ್ಲರಿಗೂ ಕಾಣುತ್ತಿತ್ತು.

ಅದನ್ನು ತೋರಿಸಲು ಶಹಾಪುರದಲ್ಲಿ ಮೀಟಿಂಗು. ಚಾ, ಮಿರ್ಚಿ ಭಜಿ, ಗೋಡೆಯ ಮೇಲೆ ದೊಡ್ಡ ಪರದೆ. ಮೊದಲು ನಮ್ಮೆಲ್ಲರ ಮೇಲಿನ ದೊಡ್ಡ ಸಾಹೇಬರು ಒಂದು ಸ್ವಾಗತದ ಸಂದೇಶ ಬರೆಸಿದರು. ಪರದೆಯ ಮೇಲೆ ಮೂಡಿತು, ಎಲ್ಲರೂ ಚಪ್ಪಾಳೆ ತಟ್ಟಿದರು. ಆಮೇಲೆ ನಾನು ಗೇಟಿನವನನ್ನು ಕರೆದು ಕೂರಿಸಿದೆ. ಅವನು ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿ, "ಗೇಟ್ ಎತ್ತೇನಿ" ಎಂದು ಬರೆದ. ಅದು ಸಾಹೇಬರ ಸಂದೇಶದ ಮೇಲೆ ಹೋಗಿ ಕೂತಿತು.

ಚಪ್ಪಾಳೆಯಿಲ್ಲ. ಭಜಿ ಅಗಿಯುವ ಸದ್ದೂ ನಿಂತಿತು.

"ಏನಿದು? ಸಾಹೇಬರ ಮ್ಯಾಲ ಇವ ಹೋಗಿ ಕುಂತಾನಲ್ಲ!" ಎಂದರು ಸೂಪರಿಂಟೆಂಡೆಂಟರು.

"ಹೊಸಾದು ಮ್ಯಾಲ ಬರ್ತದ್ರಿ ಸರ್. ಹಳೇದು ಕೆಳಗ ಹೋಗ್ತದ."

"ಸಾಹೇಬರು ಹಳೇದೇನ್ರಿ?"

ನಾನು ಬಾಯಿ ತೆರೆಯುವ ಮೊದಲೇ ಗೇಟಿನವನು ಎದ್ದು ನಿಂತು ಕೈ ಮುಗಿದ. "ಅಳಿಸಿಬಿಡ್ರಿ ಅಕ್ಕಾರ. ನಂದು ಕೆಳಗ ಹಾಕ್ರಿ, ನಂದೇನದ." ಯಾರ ಪರವಾಗಿ ನಾನು ವಾದಿಸಬೇಕೆಂದಿದ್ದೆನೋ ಅವನೇ ಹೀಗೆಂದ ಮೇಲೆ ಇನ್ನೇನು ಉಳಿಯಿತು? ಸಿಟ್ಟಿನಲ್ಲಿ ನಾನು ಒಂದು ಭಜಿಯನ್ನೂ ಮುಟ್ಟಲಿಲ್ಲ.

ಮೂರನೆಯದು ಕಲಬುರಗಿಯ ಒಬ್ಬ ವ್ಯಾಪಾರಿಯದು. ಅವನು ಸರಕಾರಿ ಆಫೀಸುಗಳನ್ನು ಅರೆದು ಕುಡಿದವನು. ಅವನ ಸೈಟಿನಲ್ಲಿ ಎಲ್ಲಕ್ಕಿಂತ ಮೇಲೆ ಸಾಹೇಬರ ಫೋಟೋ, ಅದರ ಕೆಳಗೆ ಸಾಹೇಬರ ಮಾತು; ಆಮೇಲೆ ಹುದ್ದೆಯ ಪ್ರಕಾರ ಒಬ್ಬೊಬ್ಬರೇ ಇಳಿದು ಬರುತ್ತಾರೆ. ಗೇಟಿನ ಸುದ್ದಿ ಎಲ್ಲರ ಕಾಲಬುಡದಲ್ಲಿ. "ಕೆಳಗಿನವರು ಬರದದ್ದು ಸೆಕ್ಷನ್ನಿಗೆ ಹೋಗ್ತದ, ಅಲ್ಲಿಂದ ಸೂಪರಿಂಟೆಂಡೆಂಟ್ ಸಾಹೇಬ್ರಿಗಿ, ಅಲ್ಲಿಂದ ದೊಡ್ಡ ಸಾಹೇಬ್ರಿಗಿ. ಅವರು ಒಪ್ಪಿಗಿ ಒತ್ತೂತನಕ ಒಂದಕ್ಷರ ಯಾರಿಗೂ ಕಾಣಂಗಿಲ್ರಿ" ಎಂದು ಅವನು ಹೇಳಿದಾಗ ಎಲ್ಲರ ಮುಖ ಅರಳಿತು.

"ನೀರು ಒಪ್ಪಿಗೀಗಿ ಕಾಯಂಗಿಲ್ರಿ ಸರ್" ಎಂದೆ ನಾನು.

ಸಾಹೇಬರು ಮೈಸೂರು ಕಡೆಯವರು, ದನಿ ಏರಿಸಿದವರಲ್ಲ. "ಎಲ್ಲದಕ್ಕೂ ಒಂದು ಶಿಸ್ತು ಬೇಕಲ್ವೇನಮ್ಮಾ?" ಎಂದು ನಕ್ಕರು. ಕೋಣನ ಮುಂದೆ ಕಿನ್ನರಿ ಬಾರಿಸಿ ನಾನು ವಡಗೇರಾ ಬಸ್ಸು ಹತ್ತಿದೆ.

ಸೈಟು ಶುರುವಾಯಿತು. ಅದರ ಹಿಂದೆಯೇ ಒಂದು ಆದೇಶವೂ ಬಂತು: ಇನ್ನು ಮುಂದೆ ಗೇಟಿನ ಸುದ್ದಿಯನ್ನು ಫೋನಿನಲ್ಲಿ ಹೇಳುವಂತಿಲ್ಲ, ಎಲ್ಲರೂ ಸೈಟು ನೋಡಿಕೊಳ್ಳತಕ್ಕದ್ದು. ಮೊದಲು ಯಾರಿಗಾದರೂ ನೆನಪಾದರೆ ಸುದ್ದಿ ಬರುತ್ತಿತ್ತು. ಈಗ ನೆನಪಾದರೂ ಬರದಂತಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಒಂದು ದಿನ ಬೆಳಗಿನ ಬಸ್ಸಿಗೇ ಆ ಹೆಂಗಸು ಬಂದಳು. "ಅಗಿ ಬಲಿಯಾಕತ್ಯಾವ್ರಿ ಅಕ್ಕಾರ. ಏನರ ಗೊತ್ತಾತೇನು?"

ಸೈಟು ತೆರೆದೆ. ಸಾಹೇಬರು ಮೇಲಿನಿಂದ ನಗುತ್ತಿದ್ದರು. ಇಳಿಯುತ್ತಾ ಇಳಿಯುತ್ತಾ ತಳಕ್ಕೆ ಹೋದರೆ ಹೋದ ವಾರದ ಸುದ್ದಿ: ಗೇಟು ಬಂದ್. ನಂಬಿಕೆಯಾಗದೆ ಶಹಾಪುರಕ್ಕೆ ಫೋನು ಮಾಡಿದೆ. ಎತ್ತಿಕೊಂಡವರು, "ಸೈಟಿನಾಗ ನೋಡ್ರಿ ಮೇಡಂ. ಹೇಳಬ್ಯಾಡಂತ ಆರ್ಡರ್ ಅದ" ಎಂದರು. ಸಾಹೇಬರೆಲ್ಲಿ ಎಂದರೆ ಬೆಂಗಳೂರಿನಲ್ಲಿ ಮೀಟಿಂಗು.

"ಇನ್ನಾ ಬಿಟ್ಟಿಲ್ಲ ಯವ್ವಾ" ಎಂದೆ.

"ಹಂಗಾದ್ರ ಸಂಜೀ ಬಸ್ಸಿನ ತನಕಾ ಇಲ್ಲೇ ಕುಂದರ್ತೀನ್ರಿ. ಅಷ್ಟರಾಗ ಬಂದ್ರ ಹೇಳ್ರಿ." ನಮ್ಮ ಬೆಂಚಿನ ಮೇಲೆ ಕೂತಳು. ಮಧ್ಯಾಹ್ನ ಡಬ್ಬಿ ಬಿಚ್ಚಿ ನನಗೂ ಅರ್ಧ ರೊಟ್ಟಿ, ಶೇಂಗಾ ಹಿಂಡಿ ಕೊಟ್ಟಳು. ನಾನು ಗಳಿಗೆಗೊಮ್ಮೆ ಆ ಹಾಳು ಸೈಟು ತೆರೆದು ನೋಡುತ್ತಲೇ ಇದ್ದೆ. ಸಾಹೇಬರ ನಗೆ ಬಿಟ್ಟರೆ ಹೊಸದೇನೂ ಇರಲಿಲ್ಲ. ಬಸ್ಸು ಬಂತು, ಹೋದಳು. ಡಬ್ಬಿ ಬೆಂಚಿನ ಮೇಲೆಯೇ ಉಳಿಯಿತು.

ಮರುದಿನ ಬೆಳಿಗ್ಗೆ ಬಂದು ಸೈಟು ತೆರೆದರೆ ತಳದಲ್ಲಿ ಹೊಸ ಸಾಲು: ಗೇಟು ಎತ್ತಲಾಗಿದೆ, ನೀರು ಬಿಡಲಾಗಿದೆ. ಪಕ್ಕದಲ್ಲಿ ಒಪ್ಪಿಗೆಯ ಹಸಿರು ಗುರುತು. ಅಷ್ಟರಲ್ಲೇ ಅವಳು ಬಾಗಿಲಲ್ಲಿ ಕಂಡಳು. ನನಗೆ ತಡೆಯಲಾಗಲಿಲ್ಲ, ಕುರ್ಚಿಯಿಂದ ಎದ್ದೇಬಿಟ್ಟೆ.

"ಯವ್ವಾ, ಬಂತು ನೋಡು! ನೀರ ಬಿಟ್ಟಾರ! ಆಳ ಕರಕೊಂಡು ಲಗೂನ ಹೋಗು!"

ಅವಳು ನನ್ನ ಮುಖ ನೋಡಿದಳು, ಕಂಪ್ಯೂಟರ್ ನೋಡಿದಳು.

"ಗೊತ್ತದ್ರಿ ಅಕ್ಕಾರ. ನಿನ್ನಿ ನಾ ನಿಮ್ಮ ಬೆಂಚಿನ ಮ್ಯಾಲ ಕುಂತಿದ್ನಲ್ಲ, ಆಗ ನಮ್ಮ ಪಾಳಿ ಬಂದು ಹೋಗ್ಯದ."

ಮಡಿಯಲ್ಲಿದ್ದ ಅಗಿಯನ್ನು ಏನು ಮಾಡಿದೆ ಎಂದು ಅವಳನ್ನು ಕೇಳಿದೆ.

"ಮ್ಯಾಲಿನ ಹೊಲದವರಿಗಿ ಕೊಟ್ಟು ಬಂದೀನ್ರಿ. ಅವರ ಹೊಲಾ ನೆನದದಲ್ಲ. ನಮ್ಮಲ್ಲಿ ಸಾಯೂದಕಿಂತ ಅಲ್ಲ್ಯರ ಬದುಕ್ಲಿ."

ಬೆಂಚಿನ ಮೇಲಿದ್ದ ತನ್ನ ಡಬ್ಬಿ ತೆಗೆದುಕೊಂಡಳು. ಅವಳು ಬಂದದ್ದು ಅದಕ್ಕೇ ಆಗಿತ್ತು.