ಬ್ಯಾಟರಿಗೆ ಮಾವನ ಬಾವಿಯ ನೀರು

ಕಾರಿಗೆ ಬ್ಯಾಟರಿ ಹಾಕಿಸಲು ಇವತ್ತು ಗ್ಯಾರೇಜಿಗೆ ಹೋಗಿದ್ದೆ. "ಇದು ಸೀಲ್ಡ್ ಸರ್, ನೀರು ಹಾಕುವ ಕೆಲಸವೇ ಇಲ್ಲ" ಎಂದ ಮೆಕ್ಯಾನಿಕ್. ಅವನು ಸಂತೋಷದ ಸುದ್ದಿಯೆಂದೇ ಹೇಳಿದ್ದು. ನನಗೆ ಮಾತ್ರ ಪಿಚ್ಚೆನಿಸಿತು. ಯಾಕೆಂದು ಹೇಳುತ್ತೇನೆ, ಕೇಳಿ.

ಎಂಬತ್ತರ ದಶಕದ ಮಾತು. ನಾನು ಕಾರ್ಕಳದಲ್ಲಿ ಮೇಷ್ಟ್ರು, ಜಂಬಕ್ಕೊಂದು ಹಳೆಯ ಕಾರು ಕೊಂಡಿದ್ದೆ. ಹೆಂಡತಿ ಹೆರಿಗೆಗೆಂದು ಕಾಪುವಿನ ತವರಿನಲ್ಲಿದ್ದಳು. ಬೇಸಗೆಯ ಬಿಸಿಲಿಗೆ ಬ್ಯಾಟರಿ ಕೆಡುತ್ತದೆಂದು ಯಾರೋ ಹೆದರಿಸಿದ್ದರಿಂದ ಕಾರನ್ನೂ ಅಲ್ಲೇ ಮಾವನ ಹಲಸಿನ ಮರದ ನೆರಳಿನಲ್ಲಿ ಬಿಟ್ಟು ಬಂದೆ. ಹೀಗೆ ಎರಡು ಬಾಣಂತನ ಮಾವನ ಪಾಲಿಗೆ ಬಂದವು. "ವಾರಕ್ಕೊಮ್ಮೆ ಮುಚ್ಚಳ ತೆಗೆದು ನೋಡಿ, ನೀರು ಇಳಿದಿದ್ದರೆ ಸ್ವಲ್ಪ ಹಾಕಿ" ಎಂದಿದ್ದೆ. ಯಾವ ನೀರೆಂದು ಹೇಳಲಿಲ್ಲ. ಮೇಷ್ಟ್ರ ಬುದ್ಧಿ ಅಷ್ಟೇ.

ಕಡಲಿಗೆ ಅಷ್ಟು ಹತ್ತಿರವಿದ್ದೂ ಬೇಸಗೆಯಲ್ಲಿ ಸಿಹಿನೀರು ಕೊಡುವ ತಮ್ಮ ಬಾವಿಯೆಂದರೆ ಮಾವನಿಗೆ ಎಲ್ಲಿಲ್ಲದ ಹೆಮ್ಮೆ. ಬಂದವರಿಗೆಲ್ಲ ಬೆಲ್ಲದ ಜೊತೆ ಆ ನೀರು. ಬ್ಯಾಟರಿಗೂ ಅದನ್ನೇ ವಾರವಾರವೂ ಚೆಂಬಿನಲ್ಲಿ ಪ್ರೀತಿಯಿಂದ ಎರೆದರು.

ಮಗುವನ್ನು ಕರೆದೊಯ್ಯುವ ದಿನ ಬಂತು. ರಾಹುಕಾಲಕ್ಕೆ ಮೊದಲೇ ಹೊರಡಬೇಕು. ಕೀಲಿ ತಿರುಗಿಸಿದರೆ ಕಾರು ಟಿಕ್ ಎಂದು ಸುಮ್ಮನಾಯಿತು.

"ನನ್ನ ಮೊಮ್ಮಗಳನ್ನು ಈ ಡಬ್ಬದಲ್ಲಿ ಕಳಿಸುವುದಿಲ್ಲ" ಎಂದರು ಮಾವ. ಇನ್ನು ಈ ಮನೆಯಲ್ಲಿ ನನಗೂ ನನ್ನ ಕಾರಿಗೂ ಮರ್ಯಾದೆ ಉಳಿಯದೆಂದು ಹೆದರಿದೆ.

ಪೇಟೆಯಿಂದ ಮೆಕ್ಯಾನಿಕ್ ಫೆಲಿಕ್ಸ್ ಬಂದ. ಬ್ಯಾಟರಿಯ ಆ್ಯಸಿಡನ್ನು ಗಾಜಿನ ಕೊಳವೆಗೆ ಎಳೆದು ನೋಡಿದ. ಒಳಗಿನ ತೇಲುಗಡ್ಡಿ ಮೇಲೇಳಲೇ ಇಲ್ಲ, ಆ್ಯಸಿಡಿನ ಸತ್ವವೇ ಹೋಗಿತ್ತು.

"ಬಾವಿ ನೀರು ಹಾಕಿದ್ದು ಯಾರು ಮಾರಾಯ್ರೆ? ಇದಕ್ಕೆ ಡಿಸ್ಟಿಲ್ಡ್ ವಾಟರೇ ಆಗಬೇಕು. ಬಾವಿ ನೀರಲ್ಲಿ ಉಪ್ಪು ಉಂಟು."

"ನಮ್ಮ ಬಾವಿಯಲ್ಲಿ ಉಪ್ಪಾ?" ಮಾವನ ಮುಖ ಸಣ್ಣದಾಯಿತು. ನನಗೆ ನೋಡಲಾಗಲಿಲ್ಲ.

"ನಾನೇ ಹಾಕಿದ್ದು" ಎಂದುಬಿಟ್ಟೆ. "ಬಸ್ ಸ್ಟ್ಯಾಂಡಿನ ಬಾವಿಯದ್ದು."

ಫೆಲಿಕ್ಸ್ ನನ್ನನ್ನು ಹಿಗ್ಗಾಮುಗ್ಗಾ ಬೈದ. "ಕಲಿತವರು ನೀವು, ಇಷ್ಟೂ ಗೊತ್ತಿಲ್ವಾ?" ಆಮೇಲೆ ತನ್ನ ವ್ಯಾನಿನ ಬ್ಯಾಟರಿಯನ್ನೇ ಬಿಚ್ಚಿ ಹಾಕಿಕೊಟ್ಟ. ಕಾರು ಸ್ಟಾರ್ಟ್ ಆಯಿತು. ಮಾವ ಮೊಮ್ಮಗಳನ್ನು ಎತ್ತಿ ತಂದು ತಾವೇ ಕಾರಿನಲ್ಲಿ ತಾಯಿಯ ಮಡಿಲಿಗೆ ಹಾಕಿದರು.

ಮುಂದಿನ ಭಾನುವಾರ ಬಸ್ಸಿನಲ್ಲಿ ಕಾರ್ಕಳಕ್ಕೆ ಬಂದರು. ಮಗಳಿಗೆ ಮಟ್ಟುಗುಳ್ಳ ಬದನೆ, ನನಗೊಂದು ಬಾಟಲಿ ಡಿಸ್ಟಿಲ್ಡ್ ವಾಟರ್.

"ಇದನ್ನೇ ಹಾಕಿ. ಆ ಬಸ್ ಸ್ಟ್ಯಾಂಡಿನ ನೀರು ಒಳ್ಳೆಯದಲ್ಲ" ಎಂದರು, ನನ್ನ ಮುಖ ನೋಡದೆ.

ಅವರು ಬದುಕಿರುವಷ್ಟು ಕಾಲವೂ ಬಾಟಲಿ ತರುತ್ತಲೇ ಇದ್ದರು. ಇವತ್ತು ಗ್ಯಾರೇಜಿನಲ್ಲಿ ನಿಂತು ಲೆಕ್ಕ ಹಾಕಿದೆ: ಅವರ ಮೇಲಿನ ನನ್ನ ಅಕ್ಕರೆಯನ್ನು ನಾನು ಬಾಯಿಬಿಟ್ಟು ಹೇಳಿದ್ದು ಆ ಒಂದು ಸುಳ್ಳಿನಲ್ಲಿ ಮಾತ್ರ.