ಸುಂದರಾಳ ಮಣಿಕಟ್ಟು

ನನ್ನ ಗೆಳತಿ ಸುಂದರಾ ಸತ್ತ ಮೇಲೆ ಐನಾಪುರದಲ್ಲಿ ಎಲ್ಲರೂ ಅವಳನ್ನು ಹೊಗಳುತ್ತಿದ್ದಾರೆ. ಬದುಕಿದ್ದಾಗ ಅವಳಿಗೆ ಬೇಕಾಗಿದ್ದದ್ದು ಹೊಗಳಿಕೆಯಲ್ಲ. ಕೈ ನೋಯುತ್ತದೆ ಎಂದರೆ ನಂಬುವ ಜನ, ದ್ರಾಕ್ಷಿ ತೋಟದ ಕೂಲಿ ಹೆಂಗಸರ ಟೋಳಿಯಲ್ಲಿ ತನ್ನ ಜಾಗ, ಇಷ್ಟೇ.

ಟೋಳಿಯ ಹೆಂಗಸರು ತೋಟದ ಕೆಲಸ ಗುತ್ತಿಗೆ ಹಿಡಿದು, ಚಪ್ಪರದ ಕೆಳಗೆ ದಿನವಿಡೀ ಕೈಯೆತ್ತಿ ಕತ್ತರಿಯಿಂದ ಬಳ್ಳಿ ಸವರುತ್ತಾರೆ. ಕೂಲಿ ಎಲ್ಲರಿಗೂ ಸಮ, ಹಾಗಾಗಿ ನಿಧಾನವಾದವಳ ಮೇಲೆ ಉಳಿದವರ ಕಣ್ಣು. ಒಂದು ಮಳೆಗಾಲ ಸುಂದರಾ ಬದುವಿನಲ್ಲಿ ಜಾರಿ ಬಲ ಅಂಗೈ ಊರಿ ಬಿದ್ದಳು. ಬಾವು ಇಳಿಯಿತು. ಆದರೆ ಕತ್ತರಿ ಒತ್ತಿದಾಗೆಲ್ಲ ಮಣಿಕಟ್ಟಿನೊಳಗೆ ಏನೋ ಟಕ್ಕೆಂದು ಸರಿದು ಹಿಡಿತ ತಪ್ಪುತ್ತಿತ್ತು.

ಎಕ್ಸ್‌ರೇ ತೆಗೆಯುವಾಗ "ಕೈ ಅಲ್ಲಾಡಸಬ್ಯಾಡ್ರಿ" ಎಂದರು. ಅವಳು ಅಲ್ಲಾಡಿಸಲಿಲ್ಲ. ನಾರ್ಮಲ್ ಎಂದು ಬಂತು. ಟೋಳಿಯ ಹಿರಿಯಳು ಅಕ್ಕವ್ವ ಆ ಶಬ್ದವನ್ನೇ ಹಿಡಿದುಕೊಂಡಳು.

"ಬಾರವಾ ನಿರ್ಮಲಾ, ಕತ್ತರಿ ಭಾರ ಆತೇನ?"

"ನನ್ನ ಹೆಸರ ಸುಂದರಾ ಐತ್ರಿ."

"ರಿಪೋರ್ಟಿನ್ಯಾಗ ನಾರ್ಮಲ್ ಅಂತ ಬರದಾರಲ್ಲ!"

ಚಪ್ಪರದ ಕೆಳಗೆಲ್ಲ ನಗು. ಗಂಡ ರಾಜಾರಾಮನೂ ಅದೇ ಹೆಸರಿನಿಂದ ಕರೆದ ದಿನ ಅವಳು ನನ್ನ ಬಳಿ ಬಂದಳು. "ನೀಲಮ, ನೀನರ ನಂಬ್ತಿಯೇನಬೇ?"

ಇಬ್ಬರೂ ಮಿರಜಕ್ಕೆ ಹೋದೆವು. ಅಲ್ಲಿಯ ವೈದ್ಯರು, ಎಲುಬು ಚಲಿಸುವುದು ಪರದೆಯ ಮೇಲೆ ಕಾಣುವ ಯಂತ್ರದ ಕೆಳಗೆ ಅವಳ ಕೈಯಿರಿಸಿ, ಮುಷ್ಟಿ ಬಿಗಿದು ಹೊರಳಿಸಲು ಹೇಳಿದರು. ಎರಡು ಸಣ್ಣ ಎಲುಬುಗಳು ಬೇರೆಯಾದವು, ಟಕ್ಕೆಂದು ಮತ್ತೆ ಕೂಡಿದವು. ಅವರು ಆ ಸಂದನ್ನು ಅಳೆದರು, ಎಡಗೈಯನ್ನೂ ಅಳೆದು ಹೋಲಿಸಿದರು. ಎಲುಬುಗಳನ್ನು ಕಟ್ಟಿದ್ದ ನಾರು ಹರಿದಿದೆ, ಸುಮ್ಮನಿಟ್ಟ ಕೈಯಲ್ಲಿ ಇದು ಕಾಣುವುದಿಲ್ಲ, ಆಪರೇಷನ್ ಮಾಡಿದರೂ ಮೊದಲಿನ ಹಿಡಿತ ಬರುವುದು ಕಷ್ಟ ಎಂದು ಮರಾಠಿಯಲ್ಲಿ ವಿವರಿಸಿದರು. ಕೊನೆಯ ಮಾತು ಅವಳ ಕಿವಿಗೆ ಬಿದ್ದಂತೆ ಕಾಣಲಿಲ್ಲ. "ನೋಡಿದೇನಬೇ, ನಾ ಸುಳ್ಳ ಹೇಳಿದ್ದಿಲ್ಲ!" ಪರದೆಯಲ್ಲಿ ಕಂಡದ್ದನ್ನು ವೈದ್ಯರು ಅವಳ ಮೊಬೈಲಿಗೆ ಹಾಕಿಕೊಟ್ಟಿದ್ದರು; ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ವಿಡಿಯೋ ನೋಡುತ್ತ ಬಂದಳು. ರಾತ್ರಿ ಗಂಡನಿಗೆ ತೋರಿಸಿದಳು, ಬೆಳಿಗ್ಗೆ ಟೋಳಿಗೆ.

ಅಕ್ಕವ್ವ ಗಮನವಿಟ್ಟು ನೋಡಿದಳು. "ಖರೇನ ಐತಿ ಬಿಡವಾ. ಹಂಗಾರ ಇಂಥಾ ಕೈ ಇಟ್ಕೊಂಡ ಟೋಳ್ಯಾಗ ಹೆಂಗ ದುಡೀತಿ? ನೀನ ಹೇಳು."

ಅಂದು ಯಾರೂ ನಗಲಿಲ್ಲ. ಸುಳ್ಳುಗಾರ್ತಿ ಎನಿಸಿಕೊಂಡಾಗ ಉಳಿದಿದ್ದ ಕೆಲಸ, ನಿಜ ತೋರಿಸಿದ ದಿನ ಹೋಯಿತು.

ಆಮೇಲೆ ಬೇರೊಂದು ತೋಟದಲ್ಲಿ, ಔಷಧಿ ಹೊಡೆಯಲು ನೀರು ತುಂಬಿಕೊಡುವ ಕೆಲಸಕ್ಕೆ ಒಬ್ಬಳೇ ಹೋಗತೊಡಗಿದಳು. ಕೃಷಿಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಪಾಚಿಗಟ್ಟಿತ್ತು. ಈ ಮಾಘದಲ್ಲಿ ಕಾಲು ಜಾರಿತು. ಬಿದ್ದವರು ಹತ್ತಿ ಬರಲೆಂದೇ ದಂಡೆಗೆ ಹಗ್ಗ ಕಟ್ಟಿದ್ದರು. ಪಕ್ಕದ ಹೊಲದವರು ಓಡಿ ಬರುವಷ್ಟರಲ್ಲಿ ಅವಳು ಮತ್ತೆ ಮತ್ತೆ ಹಗ್ಗ ಹಿಡಿದಳಂತೆ, ಅರ್ಧ ಮೇಲೆ ಬಂದು ಬಂದು ಕೈ ಕಳಚಿ ಬಿದ್ದಳಂತೆ.

ದಂಡೆಯ ಮೇಲೆ ಅಕ್ಕವ್ವ ಎದೆ ಬಡಿದುಕೊಂಡು ಅಳುತ್ತಿದ್ದಳು. "ಹಗ್ಗ ಇತ್ತಲ್ಲ ನನ್ನವ್ವಾ, ಗಟ್ಟಿ ಹಿಡದಿದ್ರ ಉಳೀತಿದ್ದೆಲ್ಲ!"

ರಾಜಾರಾಮ ತಲೆಯಾಡಿಸಿದ. "ಹೌದ್ರಿ ಅಕ್ಕಾ, ಗಟ್ಟಿ ಹಿಡೀಲಿಲ್ಲ."